ರಫ್ ವಹಿಗೂ ಅಂಕವಿರಲಿ

ಜುಗೂಳದ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಅಳತೆಯ ಬಗ್ಗೆ ಅಭ್ಯಾಸ ಪಾಠ ಮಾಡುತ್ತಿದ್ದೆ. ಪೀಠಿಕೆಯಲ್ಲಿ ಒಂದು ಪ್ರಶ್ನೆ ಕೇಳಿದೆ: '2019ರ ಮಹಾಪೂರದಲ್ಲಿ ನಿಮ್ಮ ಮನೆಯೊಳಗೆ ನೀರು ಎಷ್ಟು ಎತ್ತರ ಬಂದಿತ್ತು?' ಒಬ್ಬ ಸೊಂಟ ಮುಟ್ಟಿ ತೋರಿಸಿದ. ಅವನ ಪಕ್ಕದ ಮನೆಯ ಹುಡುಗಿ ಕುತ್ತಿಗೆ ತೋರಿಸಿದಳು. 2005ರ ನೀರೇ ಹೆಚ್ಚಿತ್ತೆಂದು ತನ್ನಜ್ಜ ಹೇಳುತ್ತಾರೆ ಎಂದ ಮತ್ತೊಬ್ಬ. ಗೋಡೆಯ ಮೇಲೆ ಯಾರಾದರೂ ಗುರುತು ಮಾಡಿದ್ದಾರೆಯೇ ಎಂದು ಕೇಳಿದಾಗ ಬಂದ ಉತ್ತರ: 'ಅಜ್ಜ ಇದ್ಲಿಲೆ ಗೆರಿ ಹೊಡೆದಿದ್ದರಿ ಸರ್, ದೀಪಾವಳಿಗೆ ಸುಣ್ಣಾ ಹಚ್ಚಿವ್ರಿ.'

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ಸುಣ್ಣದ ಕೆಲಸವನ್ನು ವಿಜ್ಞಾನದ ವಿದ್ಯಾರ್ಥಿಗಳಾದ ನಾವೂ ವರ್ಷವರ್ಷ ಮಾಡುತ್ತಿದ್ದೇವೆ ಎಂಬುದು ಆಮೇಲೆ ಹೊಳೆಯಿತು.

ಅಂಕಿಗಳನ್ನು ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮೂರ ಹೊಳೆಯೇ ಸಾಕ್ಷಿ. ಕೃಷ್ಣಾ ನೀರಿನ ಹಂಚಿಕೆಗೆ ಕುಳಿತ ಬಚಾವತ್ ನ್ಯಾಯಮಂಡಳಿಯ ಮುಂದೆ ವಿಜಯವಾಡದವರೆಗಿನ ನದಿಯ ಹರಿವಿನ 78 ವರ್ಷಗಳ ಲೆಕ್ಕವಿತ್ತು, 1894–95ರಿಂದ 1971–72ರವರೆಗೆ. ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷವಾದರೂ ಇಷ್ಟು ನೀರು ಸಿಕ್ಕೀತು ಎಂದು ನಂಬಬಹುದಾದ ಪ್ರಮಾಣ 2060 ಟಿಎಂಸಿ ಎಂದು ಆ ಲೆಕ್ಕದಿಂದಲೇ ತೀರ್ಮಾನವಾಯಿತು. ಮೂರು ರಾಜ್ಯಗಳ ಪಾಲು ನಿಂತಿದ್ದು ಅದರ ಮೇಲೆ. 2010ರಲ್ಲಿ ತೀರ್ಪು ಕೊಟ್ಟ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಮತ್ತೆ 47 ವರ್ಷಗಳ ಅಂಕಿಗಳನ್ನು ಮುಂದಿಟ್ಟುಕೊಂಡಿತು. 1894ರಲ್ಲಿ ನೀರಿನ ಮಟ್ಟ ನೋಡಿ ಬರೆದುಕೊಂಡವರಿಗೆ ಕರ್ನಾಟಕವೂ ಗೊತ್ತಿರಲಿಲ್ಲ, ಮಹಾರಾಷ್ಟ್ರವೂ ಗೊತ್ತಿರಲಿಲ್ಲ. ತಮ್ಮ ಅಂಕಿ ಯಾವ ಕೆಲಸಕ್ಕೆ ಬಂದೀತೆಂದು ತಿಳಿಯದೆಯೇ ಅವರು ಸರಿಯಾಗಿ ಬರೆದಿಟ್ಟರು. ದತ್ತಾಂಶ ನಿರ್ವಹಣೆ ಎಂದರೆ ಮೂಲತಃ ಇಷ್ಟೇ.

ಆದರೆ ಸಂಶೋಧಕರೆಲ್ಲ ಹೀಗೆ ಮಾಡುತ್ತಿಲ್ಲ. 2014ರಲ್ಲಿ 'ಕರೆಂಟ್ ಬಯಾಲಜಿ' ಪತ್ರಿಕೆಯಲ್ಲಿ ಟಿಮೊಥಿ ವೈನ್ಸ್ ಮತ್ತು ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. ಎರಡರಿಂದ ಇಪ್ಪತ್ತೆರಡು ವರ್ಷ ಹಳೆಯದಾದ 516 ಸಂಶೋಧನಾ ಲೇಖನಗಳನ್ನು ಆರಿಸಿಕೊಂಡು, ಅವುಗಳ ಮೂಲ ದತ್ತಾಂಶ ಕೊಡಿ ಎಂದು ಅವರು ಲೇಖಕರನ್ನು ಕೇಳಿದರು. ಲೇಖನ ಹಳೆಯದಾದಂತೆ, ದತ್ತಾಂಶ ಉಳಿದಿರುವ ಸಾಧ್ಯತೆ ವರ್ಷಕ್ಕೆ ಶೇ. 17ರಂತೆ ಇಳಿಯುತ್ತಿತ್ತು. ಕೆಲವರ ಇಮೇಲ್ ವಿಳಾಸವೇ ಬದಲಾಗಿತ್ತು, ಇನ್ನು ಕೆಲವರ ದತ್ತಾಂಶ ಈಗ ತೆರೆಯಲು ಬಾರದ ಹಳೆಯ ಡಿಸ್ಕುಗಳಲ್ಲಿ ಉಳಿದಿತ್ತು.

ನಿಯಮಗಳಿಗೆ ಕೊರತೆಯಿಲ್ಲ. ಸರ್ಕಾರಿ ದತ್ತಾಂಶದ ಹಂಚಿಕೆಗೆ ಭಾರತದಲ್ಲಿ 2012ರಿಂದಲೇ ರಾಷ್ಟ್ರೀಯ ನೀತಿಯಿದೆ. ದತ್ತಾಂಶ ಹುಡುಕಿದರೆ ಸಿಗಬೇಕು, ತೆರೆಯಲು ಬರಬೇಕು, ಬೇರೆ ದತ್ತಾಂಶದೊಡನೆ ಹೊಂದಬೇಕು, ಮರುಬಳಕೆಗೆ ಯೋಗ್ಯವಾಗಿರಬೇಕು ಎಂಬ ನಾಲ್ಕು ತತ್ತ್ವಗಳು 2016ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಆದರೆ ನಿಯಮದಿಂದ ರೂಢಿ ಬರುವುದಿಲ್ಲ. ಪಿಎಚ್.ಡಿ.ಗೆ ಸೇರಿದ ಮೇಲೆ ಕಲಿಸುತ್ತೇವೆಂದರೆ ತಡವಾಯಿತು. ಅಷ್ಟರಲ್ಲಿ ನಾವು, ಅಂದರೆ ಶಾಲೆ ಕಾಲೇಜುಗಳ ವಿಜ್ಞಾನ ಶಿಕ್ಷಕರು, ಅದಕ್ಕೆ ವಿರುದ್ಧವಾದ ರೂಢಿಯನ್ನು ಕಲಿಸಿ ಮುಗಿಸಿರುತ್ತೇವೆ.

ಸರಳ ಲೋಲಕದ ಪ್ರಯೋಗವನ್ನೇ ನೋಡಿ. ಬಿ.ಎಸ್‌ಸಿ.ಯಲ್ಲಿ ಒಂದು ಮೀಟರ್ ಉದ್ದದ ಲೋಲಕಕ್ಕೆ ಇಪ್ಪತ್ತು ಆಂದೋಲನಗಳ ಕಾಲ ನನಗೆ 38.1 ಸೆಕೆಂಡು ಬಂತು. ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 10.9 ಆಗುತ್ತಿತ್ತು. ಬರಬೇಕಾದದ್ದು 9.8. ರಬ್ಬರಿನಿಂದ ಅಳಿಸಿ 40.1 ಎಂದು ಬರೆದೆ, ಪೂರ್ತಿ ಅಂಕ ಸಿಕ್ಕಿತು. ವರ್ಷಗಳ ನಂತರ ಪಾಠಯೋಜನೆ ಬರೆಯುವಾಗ ತಪ್ಪು ಎಲ್ಲಿತ್ತೆಂದು ತಿಳಿಯಿತು. ಗುಂಡು ಬಿಟ್ಟ ಕ್ಷಣವನ್ನೇ 'ಒಂದು' ಎಂದು ಎಣಿಸಿದ್ದೆ. ಆದ್ದರಿಂದ ಆಗಿದ್ದು ಹತ್ತೊಂಬತ್ತೇ ಆಂದೋಲನ. 38.1ನ್ನು 19ರಿಂದ ಭಾಗಿಸಿದರೆ ಸರಿಯಾದ ಆವರ್ತ ಕಾಲವೇ ಬರುತ್ತದೆ! ನನ್ನ ಅಂಕಿ ಸುಳ್ಳು ಹೇಳಿರಲಿಲ್ಲ, ಎಣಿಕೆ ತಪ್ಪಿತ್ತು. ಅಳಿಸದೆ ಬಿಟ್ಟಿದ್ದರೆ ಗುರುಗಳು ಒಂದು ನಿಮಿಷದಲ್ಲಿ ಅದನ್ನು ಹಿಡಿಯುತ್ತಿದ್ದರು.

ಬಿ.ಇಡಿ.ಗೆ ಬಂದ ಮೇಲೂ ನಾವು ಬದಲಾಗಿಲ್ಲ. ಕ್ರಿಯಾ ಸಂಶೋಧನೆಗಾಗಿ ಪ್ರತಿ ಪ್ರಶಿಕ್ಷಣಾರ್ಥಿಯೂ ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ ನಡೆಸುತ್ತಾನೆ. ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆಂಬುದಕ್ಕೆ ಆ ಉತ್ತರಪತ್ರಿಕೆಗಳಿಗಿಂತ ಒಳ್ಳೆಯ ಆಧಾರ ಬೇಕೇ? ಆದರೆ ವರದಿಯಲ್ಲಿ ಉಳಿಯುವುದು ಸರಾಸರಿ ಮತ್ತು ಸ್ತಂಭಾಲೇಖ ಮಾತ್ರ. ಉತ್ತರಪತ್ರಿಕೆಗಳು ರದ್ದಿಗೆ ಹೋಗುತ್ತವೆ. ಮುಂದಿನ ಬ್ಯಾಚಿನವರು ಅದೇ ಭಿನ್ನರಾಶಿ, ಅದೇ ಕಾಗುಣಿತದ ಸಮಸ್ಯೆ ಹಿಡಿದು ಮತ್ತೆ ಒಂದರಿಂದ ಶುರು ಮಾಡುತ್ತಾರೆ.

ಪ್ರಶಿಕ್ಷಕರಲ್ಲಿ ಮೂರು ವಿನಂತಿಗಳಿವೆ.

ಮೊದಲನೆಯದು, ಪ್ರಯೋಗದ ಸಮಯದಲ್ಲೇ ಬರೆದ ರಫ್ ವಹಿಗೆ ಅಂಕ ಕೊಡಿ. ತಪ್ಪಾದ ಅಂಕಿಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಲಿ, ರಬ್ಬರ್ ಬೇಡ.

ಎರಡನೆಯದು, ದಿನಾಂಕ, ಉಪಕರಣ ಮತ್ತು ಏಕಮಾನವಿಲ್ಲದ ಕೋಷ್ಟಕವನ್ನು ಅಪೂರ್ಣವೆಂದೇ ಎಣಿಸಿ. ಮಂಗಳಕ್ಕೆ ಹೊರಟ ನಾಸಾದ ನೌಕೆಯೊಂದು 1999ರಲ್ಲಿ ನಾಶವಾಗಿದ್ದು, ಒಂದು ತಂಡ ಪೌಂಡ್‌ನಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡ ನ್ಯೂಟನ್ ಎಂದು ತಿಳಿದದ್ದರಿಂದ. ನನ್ನ ತರಗತಿಯ 'ಸೊಂಟದಷ್ಟು' ನೀರಿನ ಕಥೆಯೂ ಅದೇ. ಯಾರ ಸೊಂಟ, ಯಾವ ವಯಸ್ಸಿನಲ್ಲಿ?

ಮೂರನೆಯದು, ಕ್ರಿಯಾ ಸಂಶೋಧನೆಯ ಮೂಲ ಅಂಕಪಟ್ಟಿಗಳನ್ನು ಕಾಲೇಜಿನಲ್ಲಿ ಉಳಿಸಿ. ಮಕ್ಕಳ ಹೆಸರು ಬೇಡ, ಸಂಕೇತ ಸಂಖ್ಯೆ ಸಾಕು. ಒಂದು ಪ್ರತಿ ಕಪಾಟಿನಲ್ಲಿ, ಇನ್ನೊಂದು ಕಂಪ್ಯೂಟರಿನಲ್ಲಿರಲಿ. ಹೊಸ ಬ್ಯಾಚು ಹಳೆಯದನ್ನು ಓದಿಯೇ ತನ್ನ ಸಮಸ್ಯೆಯನ್ನು ಆರಿಸಿಕೊಳ್ಳಲಿ.

ಹೊರಗಿನ ಪರೀಕ್ಷಕರು ಅಚ್ಚುಕಟ್ಟಾದ ರೆಕಾರ್ಡನ್ನೇ ಕೇಳುತ್ತಾರೆ ಎಂಬ ಮಾತು ಬರುತ್ತದೆ. ಆ ಕಷ್ಟ ನಿಜ. ಫೇರ್ ರೆಕಾರ್ಡ್ ಬೇಡವೆಂದು ನಾನು ಹೇಳುತ್ತಿಲ್ಲ. ಆಂತರಿಕ ಅಂಕಗಳಲ್ಲಿ ಒಂದು ಪಾಲು ರಫ್ ವಹಿಗೆ ಹೋದರೆ ಸಾಕು, ಮಕ್ಕಳು ಬದಲಾಗುತ್ತಾರೆ. ಅಂಕ ಎಲ್ಲಿದೆಯೋ ಶ್ರದ್ಧೆ ಅಲ್ಲಿರುತ್ತದೆ ಎಂಬುದು ವಿದ್ಯಾರ್ಥಿಯಾಗಿ ನನಗೆ ಚೆನ್ನಾಗಿ ಗೊತ್ತು.

ಆ ಪಾಠದ ಕೊನೆಗೆ ಮಕ್ಕಳಿಗೆ ಮನೆಗೆಲಸ ಕೊಟ್ಟೆ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಮನೆಯ ಹೊಸ್ತಿಲಿನಿಂದ ಎಷ್ಟು ಎತ್ತರಕ್ಕೆ ನೀರು ಬಂದಿತ್ತೆಂದು ಹಿರಿಯರನ್ನು ಕೇಳಿ, ಅವರು ತೋರಿಸಿದ ಜಾಗವನ್ನು ಟೇಪಿನಿಂದ ಅಳೆದು ಸೆಂಟಿಮೀಟರಿನಲ್ಲಿ ಬರೆಯಬೇಕು. ಹೇಳಿದವರು ಯಾರು, ಕೇಳಿದ ದಿನ ಯಾವುದು, ಅವರಿಗೆ ಅದು ಹೇಗೆ ಗೊತ್ತು ಎಂಬುದಕ್ಕೂ ಒಂದೊಂದು ಕಾಲಂ. ಮರುದಿನ ವಹಿಗಳು ಬಂದವು. ಒಬ್ಬ ಹುಡುಗ 2005ರ ಸಾಲಿನಲ್ಲಿ ಅಂಕಿ ಬರೆದು, ಅದಕ್ಕೊಂದು ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದ: 'ಅಜ್ಜಗ ಖಾತ್ರಿ ಇಲ್ಲ.'

ಆ ಸಾಲಿಗೆ ಪೂರ್ತಿ ಅಂಕ ಕೊಟ್ಟೆ.