ಪರದೇಶದ ವಿದ್ಯೆ, ಸ್ವದೇಶದ ದೃಷ್ಟಿ

ಪಾಶ್ಚಾತ್ಯ ವಿದ್ಯೆಯನ್ನು ಕಲಿತ ಹೆಣ್ಣುಮಕ್ಕಳು ಸ್ವಜನರಿಗೆ ಪರಕೀಯರಾಗುವರೆಂಬ ಶಂಕೆಯು ತಾಯಿತಂದೆಗಳಲ್ಲಿ ಅನೇಕರಿಗೆ ಉಂಟು. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ಜೀವಿತವನ್ನು ಬಲ್ಲವರಿಗೆ ಈ ಶಂಕೆಯು ನಿಲ್ಲಲಾರದು.

ಸಿಖ್ ತಂದೆಗೂ ಹಂಗೇರಿಯ ದೇಶದ ತಾಯಿಗೂ ಮಗಳಾಗಿ ಈಕೆಯು 1913ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿ ಸಿಮ್ಲಾದಲ್ಲಿ ಪಿಯಾನೋ, ಪಿಟೀಲುಗಳನ್ನು ಅಭ್ಯಸಿಸಿ, 1929ರಲ್ಲಿ ಪ್ಯಾರಿಸಿಗೆ ತೆರಳಿ ತೈಲವರ್ಣ ಚಿತ್ರಕಲೆಯಲ್ಲಿ ಪರಿಣತಿಯನ್ನು ಪಡೆದರು. ಅಲ್ಲಿ ಕೀರ್ತಿಯು ಕೈಸೇರಿದ್ದರೂ 1934ರಲ್ಲಿ ಭಾರತಕ್ಕೆ ಮರಳಿದರು. ಅನಂತರ ಅಜಂತಾದ ಭಿತ್ತಿಚಿತ್ರಗಳನ್ನು ಕಂಡು, ದಕ್ಷಿಣ ದೇಶದಲ್ಲಿ ಸಂಚರಿಸಿ, 1937ರಲ್ಲಿ ‘ವಧುವಿನ ಶೃಂಗಾರ’, ‘ಬ್ರಹ್ಮಚಾರಿಗಳು’ ಎಂಬ ಚಿತ್ರಗಳನ್ನು ರಚಿಸಿದರು. ಅವುಗಳಲ್ಲಿ ತೈಲವರ್ಣದ ಹದವು ಪ್ಯಾರಿಸಿನದು. ಮೌನವಾಗಿ ಕುಳಿತಿರುವ ಜನರು ನಮ್ಮವರು. 1941ರಲ್ಲಿ, ಕೇವಲ 28ನೆಯ ವಯಸ್ಸಿನಲ್ಲಿ, ಲಾಹೋರಿನಲ್ಲಿ ಕಾಲವಾದರು.

ಪರದೇಶದ ವಿದ್ಯೆಯು ಈಕೆಯ ಕಣ್ಣುಗಳನ್ನು ಮುಚ್ಚಲಿಲ್ಲ, ತೆರೆಯಿತು. ಆದರೆ ಮರಳಿ ಬಂದು ಸ್ವಜನರನ್ನು ಆದರದಿಂದ ನೋಡಿದುದು ಈಕೆಯ ಸ್ವಂತ ಸಾಧನೆ. ಅದನ್ನು ಯಾವ ಕಲಾಶಾಲೆಯೂ ಕಲಿಸಿಕೊಡಲಾರದು.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ: ವೀಣೆಯಾಗಲಿ ಪಿಯಾನೋವಾಗಲಿ, ಮಗಳು ಕಲಿಯಲೆಳಸುವ ವಿದ್ಯೆಗೆ ಮೇರೆಯನ್ನು ಹಾಕಬೇಡಿರಿ. ತನ್ನ ನೆರೆಹೊರೆಯನ್ನು ಪ್ರೀತಿಯಿಂದ ಕಾಣುವುದನ್ನು ಮಾತ್ರ ಮನೆಯಲ್ಲಿಯೇ ಕಲಿಸಿರಿ.