ಅಲ್ಮೇರಾದಲ್ಲಿರುವ ಅಮಾನತ್ತು

ಸಹೋದರಿಯರೇ, ನಿಮ್ಮ ಮನೆಯ ಅಲ್ಮೇರಾದಲ್ಲಿ, ಮದುವೆಯ ಸೀರೆಗಳ ಅಡಿಯಲ್ಲಿ ಒಂದೆರಡು ಹಳೆಯ ಸಿ.ಡಿ.ಗಳು ಇರಬಹುದು. ಅವುಗಳನ್ನು ಕೊನೆಯ ಬಾರಿ ಹಾಕಿ ನೋಡಿದ್ದು ಯಾವಾಗ ಎಂದು ನೆನಪಿದೆಯೇ? ಈ ತಿಂಗಳು ನಾನು ಈ ಪ್ರಶ್ನೆ ಕೇಳಲು ಒಂದು ಕಾರಣವಿದೆ. ಆ ಕಾರಣ ಜಪಾನಿನಿಂದ ಬಂತು ಎಂದರೆ ನೀವು ನಗಬಹುದು.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮಗ ಬೆಂಗಳೂರಿನ ಚಾಚಾನ ಮನೆಗೆ ಹೋಗಿದ್ದ. ನಾನು ಅವನನ್ನು ಕರೆತರಲು ಹೋದಾಗ ಅಣ್ಣ-ತಮ್ಮಂದಿರಿಬ್ಬರೂ ಕಂಪ್ಯೂಟರ್ ಮುಂದೆ ಕುಳಿತಿದ್ದರು. ಪರದೆಯ ಮೇಲೆ ದೊಡ್ಡ ಕಣ್ಣಿನ ಕಾರ್ಟೂನ್ ಹುಡುಗಿಯೊಬ್ಬಳು ಅರ್ಥವಾಗದ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. "ಮತ್ತೆ ಕಾರ್ಟೂನಾ?" ಎಂದು ಗದರಿದೆ. "ಅಮ್ಮಿ, ಇದು ಬರೀ ಕಾರ್ಟೂನ್ ಅಲ್ಲ. ಇದನ್ನು ಓಡಿಸೋ ಮೆಶಿನ್ನೇ ಈಗ ಅಂಗಡೀಲಿ ಸಿಗಲ್ಲ. ಆದರೂ ಜನ ಇದನ್ನ ಉಳಿಸಿದ್ದಾರೆ" ಎಂದ.

ಆ ಕೊನೆಯ ಮಾತು ನನ್ನನ್ನು ಅಲ್ಲಿ ಕೂರಿಸಿತು.

ವಿಷಯ ಹೀಗಿದೆ. ಜಪಾನಿನ ಎನ್‌ಇಸಿ ಎಂಬ ಕಂಪೆನಿಯು 1994ರ ಡಿಸೆಂಬರ್ 23ರಂದು 'ಪಿಸಿ-ಎಫ್‌ಎಕ್ಸ್' ಎಂಬ ವಿಡಿಯೋ ಗೇಮ್ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ನೋಡಲು ನೆಟ್ಟಗೆ ನಿಂತ ಕಂಪ್ಯೂಟರ್ ಪೆಟ್ಟಿಗೆಯಂತಿತ್ತು. ಅದು ಜಪಾನಿನಲ್ಲಿ ಮಾತ್ರ ಮಾರಾಟವಾಯಿತು. ಅದೇ ವರ್ಷ ನವೆಂಬರಿನಲ್ಲಿ ಸೆಗಾ ಸ್ಯಾಟರ್ನ್, ಡಿಸೆಂಬರ್ ಮೊದಲ ವಾರದಲ್ಲಿ ಸೋನಿಯ ಪ್ಲೇಸ್ಟೇಶನ್ ಬಂದಿದ್ದವು. ಮಕ್ಕಳಿಗೆ ಬೇಕಾದದ್ದು ಮೂರು ಆಯಾಮದ ಹೊಸ ಆಟಗಳು. ಎನ್‌ಇಸಿ ನಂಬಿದ್ದು ಮಾತ್ರ ಕಾರ್ಟೂನ್ ಚಿತ್ರಗಳನ್ನು. ಸಿನಿಮಾದಂತೆ ಓಡುವ ಕಾರ್ಟೂನನ್ನು ತೋರಿಸುವುದರಲ್ಲಿ ಆ ಯಂತ್ರ ಗಟ್ಟಿಯಾಗಿತ್ತು. ಆದರೆ ಜನ ಅದರತ್ತ ಹೆಚ್ಚು ತಿರುಗಲಿಲ್ಲ. ಕೆಲವೇ ವರ್ಷಗಳಲ್ಲಿ, 1998ರ ಹೊತ್ತಿಗೆ, ಅದರ ಕತೆ ಮುಗಿಯಿತು.

ಆ ಯಂತ್ರಕ್ಕಾಗಿ 'ಅನಿಮೆ ಫ್ರೀಕ್ ಎಫ್‌ಎಕ್ಸ್' ಎಂಬ ಡಿಸ್ಕ್‌ಗಳ ಒಂದು ಸರಣಿ ಬಂದಿತ್ತು, ಒಟ್ಟು ಆರು ಸಂಚಿಕೆಗಳು. ಅದನ್ನು ಆಟ ಎನ್ನುವುದಕ್ಕಿಂತ ಡಿಸ್ಕ್ ರೂಪದ ಪತ್ರಿಕೆ ಎನ್ನಬೇಕು. ಜಪಾನಿ ಕಾರ್ಟೂನಿಗೆ 'ಅನಿಮೆ' ಎನ್ನುತ್ತಾರೆ. ಅದರ ಅಭಿಮಾನಿಗಳಿಗೆ ಬೇಕಾದ ಚಿತ್ರ, ಧ್ವನಿ, ವಿಡಿಯೋಗಳನ್ನು ಅದರಲ್ಲಿ ಸೇರಿಸಲಾಗಿತ್ತು. ನೀವು ಈ ಮಾಸಪತ್ರಿಕೆಯ ಪುಟ ತಿರುವುವಂತೆ ಅವರು ಆ ಡಿಸ್ಕನ್ನು ತಿರುವುತ್ತಿದ್ದರು. ಒಂದೇ ವ್ಯತ್ಯಾಸ. ಕಾಗದದ ಪತ್ರಿಕೆಯನ್ನು ಓದಲು ಕಣ್ಣು ಸಾಕು. ಆ ಡಿಸ್ಕ್ ನೋಡಲು ಆ ಯಂತ್ರವೇ ಬೇಕು. ಯಂತ್ರ ಹೋದರೆ ಡಿಸ್ಕ್ ಬರೀ ಹೊಳೆಯುವ ಬಿಲ್ಲೆ.

ಹಾಗಾಗಬಾರದೆಂದು ಯಾರೋ ಅಭಿಮಾನಿಗಳು ಆ ಯಂತ್ರದಂತೆಯೇ ವರ್ತಿಸುವ ತಂತ್ರಾಂಶವನ್ನು ಬರೆದರು. ಇದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಡಿಸ್ಕಿನಲ್ಲಿದ್ದುದನ್ನು ಇದ್ದ ಹಾಗೆಯೇ ಕಂಪ್ಯೂಟರಿಗೆ ಇಳಿಸಿದರು. ಹೀಗೆ ಸೋತುಹೋದ ಯಂತ್ರವೊಂದರ ಕಾರ್ಟೂನ್ ಹುಡುಗಿ ಇಂದಿಗೂ ಮಾತಾಡುತ್ತಾಳೆ.

ನಾನು ಕಾರ್ಟೂನಿನ ವೈರಿಯೇನಲ್ಲ. 1990ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಹಿಂದಿ 'ಜಂಗಲ್ ಬುಕ್' ಬರುತ್ತಿದ್ದಾಗ ಕಡೂರಿನ ನೆರೆಮನೆಯ ಟಿ.ವಿ. ಮುಂದೆ ಕೂರುತ್ತಿದ್ದವರಲ್ಲಿ ನಾನೂ ಒಬ್ಬಳು. ನಮ್ಮ ಮೋಗ್ಲಿಯೂ 1989ರಲ್ಲಿ ಜಪಾನಿನಲ್ಲಿ ತಯಾರಾದವನೇ ಎಂದು ತಿಳಿದದ್ದು ಬಹಳ ವರ್ಷಗಳ ನಂತರ. ಆದರೆ ಅಂದು ಬೆಂಗಳೂರಿನಿಂದ ಮರಳುವ ರೈಲಿನಲ್ಲಿ ನನ್ನ ಮನಸ್ಸನ್ನು ಕೊರೆದದ್ದು ಬೇರೆ. ಎಲ್ಲೋ ಇರುವ ಅಪರಿಚಿತರು ಒಂದು ಕಾರ್ಟೂನ್ ಧ್ವನಿಗಾಗಿ ಇಷ್ಟು ಶ್ರಮಪಟ್ಟಿದ್ದಾರೆ. ನಾನು ಅಬ್ಬಾರ ಧ್ವನಿಯನ್ನು ಎಲ್ಲಿಟ್ಟಿದ್ದೇನೆ?

ನನ್ನ ನಿಕಾಹ್ ಆದದ್ದು 2004ರಲ್ಲಿ, ಕಡೂರಿನಲ್ಲಿ. ಅಬ್ಬಾರಿಗೆ ವಿಡಿಯೋ ಎಂದರೆ ಆಗುತ್ತಿರಲಿಲ್ಲ. ಹೆಣ್ಮಕ್ಕಳ ಕಡೆ ಕ್ಯಾಮೆರಾ ಬರಕೂಡದು ಎಂಬ ಶರತ್ತಿನ ಮೇಲೆ ಮಾಮುಗಳ ಒತ್ತಾಯಕ್ಕೆ ಒಪ್ಪಿದ್ದರು. ಮೂರು ಸಿ.ಡಿ.ಗಳ ಎರಡು ಜೊತೆ ಬಂದವು. ಒಂದು ವಿಡಿಯೋ ಸಿ.ಡಿ.ಯಲ್ಲಿ ಹಿಡಿಸುವುದು ಸುಮಾರು 74 ನಿಮಿಷ. ನಮ್ಮ ಮದುವೆಗಳು ಮೂರು ಬಿಲ್ಲೆಗಳಾಗುತ್ತಿದ್ದುದು ಅದಕ್ಕೇ. ಅಬ್ಬಾ 2009ರಲ್ಲಿ ಅಲ್ಲಾಹನ ಕರೆಗೆ ಓಗೊಟ್ಟರು. ಆಗ ಮೊಬೈಲಿನಲ್ಲಿ ಮಾತು ಹಿಡಿದಿಡುವ ಅಭ್ಯಾಸ ನಮಗಿರಲಿಲ್ಲ. ಅವರ ಧ್ವನಿ ಉಳಿದಿದ್ದರೆ ಆ ಸಿ.ಡಿ.ಗಳಲ್ಲಿ ಮಾತ್ರ.

ತರೀಕೆರೆಗೆ ಬಂದವಳೇ ಅಲ್ಮೇರಾ ತೆಗೆದೆ. ಎರಡು ಸಿ.ಡಿ.ಗಳು ಸಿಕ್ಕವು. ಮೂರನೆಯದು ಹಿತ್ತಲಿನ ದಾಳಿಂಬೆ ಗಿಡದಲ್ಲಿತ್ತು! ಗಿಳಿಗಳನ್ನು ಓಡಿಸಲೆಂದು ಯಾವಾಗಲೋ ಮಕ್ಕಳು ದಾರ ಕಟ್ಟಿ ತೂಗುಬಿಟ್ಟಿದ್ದರು. ಬಿಸಿಲಿಗೆ ಅದರ ಬಣ್ಣವೇ ಹೋಗಿತ್ತು. ಉಳಿದೆರಡು ಶಾಲೆಯ ಕಂಪ್ಯೂಟರಿನಲ್ಲಿ ತಿರುತಿರುಗಿ ನಿಂತುಬಿಟ್ಟವು. ಅವುಗಳ ಮೇಲೆ ತಾರೀಖನ್ನು ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ ಬರೆದವಳು ನಾನೇ. ಸಿ.ಡಿ.ಯ ಹೊಳೆಯುವ ಬದಿಯನ್ನಷ್ಟೇ ಜೋಪಾನ ಮಾಡಬೇಕು ಎಂದು ನಾವೆಲ್ಲ ತಿಳಿದಿದ್ದೇವೆ. ನಿಜವಾಗಿ ಆ ಬದಿಯಲ್ಲಿ ದಪ್ಪ ಪ್ಲಾಸ್ಟಿಕ್ಕಿನ ರಕ್ಷಣೆಯಿದೆ. ದಾಖಲೆಯ ಪದರ ಇರುವುದು ಹೆಸರು ಬರೆಯುವ ಬದಿಯ ತೆಳುವಾದ ಲೇಪದ ಕೆಳಗೇ. ಅಲ್ಲಿ ಗೀರಿದರೆ ಮತ್ತೆ ಸರಿಪಡಿಸಲಾಗದು.

ಅಂದು ರಾತ್ರಿ ಅಮ್ಮಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅಮ್ಮಿ ಸಮಾಧಾನದಿಂದ, "ಇನ್ನೊಂದು ಜೊತೆ ಅಜ್ಜಂಪುರದ ಖಾಲಾ ಹತ್ತಿರ ಇರಬೇಕಲ್ಲೇ" ಎಂದರು. ಮರುದಿನವೇ ಕಡೂರಿನಿಂದ ರೈಲು ಹತ್ತಿ ತಂಗಿಯ ಮನೆಗೆ ಹೋದರು. ಖಾಲಾ ಅವನ್ನು ಡಬ್ಬಿ ಸಮೇತ ಹಳೆಯ ದುಪಟ್ಟಾದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಇಷ್ಟು ವರ್ಷಗಳಲ್ಲಿ ನೋಡಿದ್ದು ಎರಡೇ ಸಲವಂತೆ.

ಮೂರರಲ್ಲಿ ಎರಡು ಪೂರ್ತಿ ಓಡಿದವು. ಮೂರನೆಯದು ಅರ್ಧಕ್ಕೆ ನಿಂತಿತು. ನಾನು ಎಲ್ಲವನ್ನೂ ನಿಮಿಷ ನಿಮಿಷ ನೋಡಿದೆ. ಕ್ಯಾಮೆರಾ ಕಂಡಾಗಲೆಲ್ಲ ಅಬ್ಬಾ ಬೆನ್ನು ತಿರುಗಿಸಿದ್ದಾರೆ. ಕಡೆಗೆ ಊಟದ ಪಂಕ್ತಿಯ ದೃಶ್ಯದಲ್ಲಿ, ಅವರು ಕಾಣದಿದ್ದರೂ, ಆ ಧ್ವನಿ ಕೇಳಿತು: "ಅಡುಗೆಯವರು ಉಂಡರಾ? ಮೊದಲು ಅವರಿಗೆ ಬಡಿಸಿ."

ಅಷ್ಟೇ. ಆರೇಳು ಸೆಕೆಂಡುಗಳ ಮಾತು. ನಾನಾನನ್ನು ಕಂಡೇ ಇಲ್ಲದ ನನ್ನ ಮಗ ಅದನ್ನು ಮತ್ತೆ ಮತ್ತೆ ಕೇಳಿದ. ನಾನಾ ಎಂಥವರಾಗಿದ್ದರು ಎಂದು ನಾನು ವರ್ಷಗಟ್ಟಲೆ ವಿವರಿಸಿದರೂ ಅವನಿಗೆ ತಿಳಿಯದಿದ್ದುದು ಆ ಒಂದು ಮಾತಿನಲ್ಲಿ ತಿಳಿಯಿತು.

ಸಹೋದರಿಯರೇ, ನಿಮ್ಮ ಮನೆಯ ಸಿ.ಡಿ.ಗಳಿಗೆ ಇನ್ನೂ ಕಾಲ ಮಿಂಚಿಲ್ಲದಿರಬಹುದು. ಮೆತ್ತನೆಯ ಬಟ್ಟೆಯಿಂದ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ, ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗ ಇರುವುದಿಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ಸಿಗುತ್ತದೆ, ಅಥವಾ ಊರಿನ ಫೋಟೋ ಸ್ಟುಡಿಯೋದಲ್ಲಿ ವಿಚಾರಿಸಿ. ವಿಡಿಯೋ ಸಿ.ಡಿ.ಯೊಳಗೆ 'ಎಂಪಿಇಜಿಎವಿ' ಎಂಬ ಫೋಲ್ಡರ್ ಇರುತ್ತದೆ. ಮದುವೆಯ ಚಿತ್ರ ಇರುವುದು ಅದರಲ್ಲೇ. ಅದನ್ನು ಕಂಪ್ಯೂಟರಿಗೆ ಇಳಿಸಿ, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಮಾಡಿ ಬೇರೆ ಮನೆಯಲ್ಲಿಡಿ. ನನ್ನನ್ನು ಉಳಿಸಿದ್ದು ಅಜ್ಜಂಪುರದಲ್ಲಿದ್ದ ಆ ಎರಡನೆಯ ಪ್ರತಿಯೇ ಅಲ್ಲವೇ?

ಇನ್ನೊಂದು ಮಾತು. ಆ ಸಿ.ಡಿ.ಗಳಲ್ಲಿ ನಮ್ಮವರಷ್ಟೇ ಅಲ್ಲ, ಬಂಧುಗಳು, ನೆರೆಯವರು, ಇಂದು ನಮ್ಮೊಡನಿಲ್ಲದವರೂ ಇರುತ್ತಾರೆ. ಸಿಕ್ಕ ಖುಷಿಯಲ್ಲಿ ವಾಟ್ಸಾಪ್ ಗುಂಪುಗಳಿಗೆ ಹಾಕಿಬಿಡಬೇಡಿ. ಅವರನ್ನು, ಅವರ ಮನೆಯವರನ್ನು ಮೊದಲು ಕೇಳಿ. ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿದ ಅಬ್ಬಾರ ಇಷ್ಟವೇನಿತ್ತೆಂದು ನನಗೆ ಗೊತ್ತು. ಅದಕ್ಕೇ ಆ ದೃಶ್ಯಗಳು ನಮ್ಮ ಮನೆಯ ಹೊಸ್ತಿಲು ದಾಟಿಲ್ಲ. ಉಳಿಸಿಕೊಳ್ಳುವುದು ಹೇಗೆ ನಮ್ಮ ಹೊಣೆಯೋ, ಕಾಪಾಡುವುದೂ ಹಾಗೆಯೇ. ಅಮಾನತ್ತು ಎಂದರೆ ಎರಡೂ ಸೇರಿದ್ದು.

ನನ್ನ ಮಗನಿಗೆ ಈಗ ಕಾರ್ಟೂನಿಗಾಗಿ ಗದರಿದಾಗಲೆಲ್ಲ ಅವನ ಉತ್ತರ ಸಿದ್ಧವಾಗಿರುತ್ತದೆ: "ಅಮ್ಮಿ, ನಾನಾನ ಧ್ವನಿ ಸಿಕ್ಕಿದ್ದು ಯಾರಿಂದ?" ನನಗೆ ಮರುಮಾತು ತೋಚುವುದಿಲ್ಲ. ಅಡುಗೆಮನೆಗೆ ಹೋಗಿ, ಕೆಲಸದಾಕೆ ಉಂಡಳೇ ಎಂದು ಕೇಳುತ್ತೇನೆ.