ನೀಲಿ ಅಕ್ಷರಕ್ಕೆ ಕೆವೈಸಿ ಇಲ್ಲ

ಇದು ನಡೆದದ್ದು 2023ರಲ್ಲಿ. ಬೆಳಿಗ್ಗೆ ಶಾಖೆಯ ಶಟರ್ ಎತ್ತುವ ಹೊತ್ತಿಗೇ ಒಬ್ಬ ಹಿರಿಯರು ಬಾಗಿಲಲ್ಲಿ ನಿಂತಿದ್ದರು. ಉಡುಪಿ ಕಡೆಯವರು, ಮುಂಬಯಿಗೆ ಬಂದು ನಲವತ್ತು ವರ್ಷ ದಾಟಿದವರು. ಹಿಂದಿನ ಸಂಜೆ ಎಟಿಎಂ ಕಾರ್ಡು ಬ್ಲಾಕ್ ಆಯಿತೆಂದು ಮೊಬೈಲಿನಲ್ಲಿ ಬ್ಯಾಂಕಿನ ಹೆಸರು ಹಾಕಿ ‘ಕಸ್ಟಮರ್ ಕೇರ್’ ಅಂತ ಹುಡುಕಿದ್ದಾರೆ. ಸಿಕ್ಕಿದ ನಂಬರಿಗೆ ಫೋನ್ ಮಾಡಿದ್ದಾರೆ, ಓಟಿಪಿಯನ್ನೂ ಹೇಳಿದ್ದಾರೆ. ನಲವತ್ತೆಂಟು ಸಾವಿರ ಹೋಯಿತು.

“ಅಲ್ಲ ಮಾರಾಯ್ರೆ, ನೀಲಿ ಅಕ್ಷರದಲ್ಲಿ ಬ್ಯಾಂಕಿನ ಹೆಸರೇ ಉಂಟಲ್ಲ! ಕೆಳಗೆ ನಂಬರೂ ಉಂಟು. ಮತ್ತೆ ನಂಬದೆ ಏನು ಮಾಡುವುದು?”

ಇಬ್ಬರೂ ಕೂತು 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಆದರೆ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಬಿಕಾಂ ಓದಿದವನು, ಕಂಪ್ಯೂಟರ್ ಕಲಿತದ್ದು ಲೆಡ್ಜರ್ ಪುಸ್ತಕಗಳು ಗೋದಾಮು ಸೇರಿದ ಮೇಲೆ. ಮನೆಗೆ ಹೋಗಿ ಓದಿಕೊಂಡೆ.

ಆ ನೀಲಿ ಸಾಲು ಬಹುಪಾಲು ಪುಟ ಮಾಡಿದವನೇ ಬರೆದುಕೊಂಡ ಶೀರ್ಷಿಕೆ. ಗೂಗಲ್ ಅದನ್ನು ಇದ್ದಂತೆಯೇ ಹಾಕಬಹುದು, ಇಲ್ಲವೇ ಪುಟದೊಳಗಿನ ತಲೆಬರಹವನ್ನೋ, ಬೇರೆ ಪುಟದವರು ಕೊಂಡಿ ಕೊಡುವಾಗ ಬಳಸಿದ ಪದಗಳನ್ನೋ ಎತ್ತಿಕೊಳ್ಳಬಹುದು. 2021ರ ಆಗಸ್ಟಿನಲ್ಲಿ ಇದಕ್ಕೊಂದು ಹೊಸ ವ್ಯವಸ್ಥೆಯನ್ನೇ ತಂದರು. ಉದ್ದವಾದರೆ ಪರದೆಯ ಅಗಲಕ್ಕೆ ಕತ್ತರಿಸಿ ಮೂರು ಚುಕ್ಕಿ. ಕೆಳಗಿನ ಸಾಲುಗಳು ಹೆಚ್ಚಾಗಿ ಪುಟದಿಂದ ಹೆಕ್ಕಿದ್ದು, ಕೆಲವೊಮ್ಮೆ ಮಾಲೀಕ ಬರೆದಿಟ್ಟ ವಿವರಣೆ. ನೀವು ಟೈಪ್ ಮಾಡಿದ ಪದಗಳಿಗೆ ಹೊಂದುವ ತುಣುಕನ್ನೇ ಹುಡುಕಿ ಕೊಡುವುದರಿಂದ, ಬೇಕಾದ್ದೇ ಸಿಕ್ಕಿತು ಅನ್ನಿಸುತ್ತದೆ. (ಈ ವಿವರಣೆಯನ್ನು 2017ರ ಡಿಸೆಂಬರಿನಲ್ಲಿ ಉದ್ದ ಮಾಡಿದ್ದರಂತೆ, 2018ರ ಮೇ ತಿಂಗಳಲ್ಲಿ ಮತ್ತೆ ಗಿಡ್ಡ ಮಾಡಿದರಂತೆ. ನಮ್ಮ ಹೆಡ್ ಆಫೀಸಿನ ಸುತ್ತೋಲೆಗಳೇ ನೆನಪಾದವು!)

ಮೋಸದ ಪುಟಗಳನ್ನು ಅವರು ಸೋಸುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ‘ನೀನು ನಿಜವಾಗಿ ಆ ಬ್ಯಾಂಕೇನಾ?’ ಎಂದು ಒಂದೊಂದು ಶೀರ್ಷಿಕೆಯನ್ನೂ ಕೇಳಿ ಮೊಹರು ಒತ್ತುವವರು ಅಲ್ಲಿ ಯಾರೂ ಇಲ್ಲ. ನಮ್ಮ ಕೌಂಟರಿಗೆ ಬಂದು ‘ನಾನು ಇಂಥವನು’ ಅಂದರೆ ಸಾಕೇ? ಪ್ಯಾನ್ ಎಲ್ಲಿ, ಆಧಾರ್ ಎಲ್ಲಿ, ಫೋಟೋ ಎಲ್ಲಿ ಅಂತ ಜೀವ ಹಿಂಡುತ್ತೇವೆ. ಇಲ್ಲಿ ಅವನೇ ಹೇಳಿಕೊಂಡ ಹೆಸರು ದೊಡ್ಡ ನೀಲಿ ಅಕ್ಷರದಲ್ಲಿ, ಪುಟದ ವಿಳಾಸ ಮಾತ್ರ ಮೇಲೆ ಸಣ್ಣ ಅಕ್ಷರದಲ್ಲಿ. ನನ್ನ ಕೇಳಿದರೆ ಇದು ತಿರುಗುಮುರುಗಾಗಬೇಕು. ಹಣದ ವಿಷಯದಲ್ಲಾದರೂ ವಿಳಾಸವೇ ದಪ್ಪಗೆ ಕಾಣಲಿ, ಹೆಸರು ಸಣ್ಣಗಿರಲಿ. ಅರವತ್ತು ದಾಟಿದ ಕಣ್ಣು ದೊಡ್ಡದನ್ನೇ ತಾನೇ ಓದುವುದು?

ರಿಸರ್ವ್ ಬ್ಯಾಂಕ್ 2025ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ತಮ್ಮ ವಿಳಾಸವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಾಯಿಸಬೇಕೆಂದು ಹೇಳಿತು. ಈ ಕೊನೆ ಕಂಡವನಿಗೆಲ್ಲ ಸಿಗುವುದಿಲ್ಲ, ಬ್ಯಾಂಕುಗಳಿಗೆ ಮಾತ್ರ. ಆದರೆ ಹುಡುಕುವವರು ವಿಳಾಸದ ಕಡೆ ಕಣ್ಣು ಹಾಯಿಸದಿದ್ದರೆ ಅದೂ ಇದ್ದೂ ಇಲ್ಲದಂತೆ.

ಅವತ್ತು ದೂರು ಕೊಟ್ಟಾದ ಮೇಲೆ ಹಿರಿಯರ ಕಾರ್ಡನ್ನು ಕೈಗೆ ತೆಗೆದುಕೊಂಡು ಹಿಂದೆ ತಿರುಗಿಸಿ ತೋರಿಸಿದೆ. ಬ್ಯಾಂಕಿನ ನಂಬರ್ ಅಲ್ಲೇ ಅಚ್ಚಾಗಿತ್ತು. ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿದರು.

“ಇಷ್ಟು ಸಣ್ಣದಾ?” ಅಂದರು.